ಮುಖಲೇಪ ವಿಚಾರ

ಕಳೆದ ತಿಂಗಳು ನಮ್ಮ ಸಂಘದ ಮಾಸಸಭೆಯಲ್ಲಿ ಮಿತ್ರರೊಬ್ಬರು ನಮ್ಮ ಪೂರ್ವಿಕರ ಪ್ರಸಾಧನಕಲೆಯನ್ನು ಕುರಿತು ಒಂದು ಪ್ರಬಂಧವನ್ನು ಓದಿದರು. ಪ್ರಬಂಧವು ಸರಸವಾಗಿದ್ದಿತು, ಸಭಿಕರು ಮೆಚ್ಚಿದರು, ನಾನೂ ಮೆಚ್ಚಿದೆನು. ಆದರೆ ಅದರ ಉಪಸಂಹಾರದಲ್ಲಿ ಅವರು ಸ್ಥಾಪಿಸಿದ ಸಿದ್ಧಾಂತವನ್ನು ಮಾತ್ರ ಒಪ್ಪಲಾರದೆ ಈ ಲೇಖನವನ್ನು ಬರೆಯಬೇಕಾಗಿ ಬಂದಿದೆ. “ಪ್ರಕೃತಿಯಿಂದ ಬಂದುದೆಲ್ಲವೂ ನಿರಪಾಯವಾದುದು, ಕಾರ್ಖಾನೆಯಿಂದ ಬಂದುದೆಲ್ಲವೂ ವಿಷ, ಆದುದರಿಂದ ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದು ಬರೆದಿರುವುದನ್ನು ನೋಡಿ ಕೊಂಡರೆ ನಮ್ಮ ಹೆಣ್ಣುಮಕ್ಕಳಿಗೆ ಯಾವ ಭಯವೂ ಇಲ್ಲ” ಎಂಬುದೇ ಆ ಸಿದ್ಧಾಂತವು. ಮಿತ್ರರಲ್ಲಿ ನನಗಿರುವ ಗೌರವಕ್ಕೆ ಕುಂದಿಲ್ಲ. ಆದರೆ ಈ ಮಾತು ನಮ್ಮ ಮನೆಗಳಲ್ಲಿ ನಿಂತರೆ ಕೆಡುಕಾಗುವುದೆಂದು ನನಗೆ ಸ್ವಾನುಭವದಿಂದ ತಿಳಿದಿರುವುದರಿಂದ ಸುಮ್ಮನಿರಲಾರೆನು.

ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿ ತಲೆ ನರೆತ ಮೇಷ್ಟರಿಗೆ ಸ್ನೋ ಪೌಡರುಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಕಾರಣವನ್ನು ಹೇಳುತ್ತೇನೆ.

ನನ್ನ ಅಕ್ಕನ ಮೊಮ್ಮಗಳು ಕಾಲೇಜಿನ ವ್ಯಾಸಂಗಕ್ಕಾಗಿ ನಮ್ಮ ಮನೆಯಲ್ಲಿಯೇ ಇರುವಳು. ಕಳೆದ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ಅವಳು ಜಗಲಿಯ ಮೇಲೆ ಕುಳಿತು, “ತಾತ, ಒಂದು ವಾರದಿಂದ ಚಪ್ಪಲಿ ಕಾಲಿಗೆ ಹಿಡಿಯುತ್ತಿಲ್ಲ” ಎಂದಳು. ನೋಡಿದರೆ ಪಾದಗಳೆರಡೂ ಊದಿಕೊಂಡಿದ್ದವು. ಬೆರಳಿನಿಂದ ಒತ್ತಿದ ಕಡೆ ಕುಳಿ ಬಿದ್ದು ಹಾಗೆಯೇ ನಿಂತಿತು. ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಮೂತ್ರದ ಪರೀಕ್ಷೆಯಲ್ಲಿ ಪ್ರೋಟೀನು ಹೇರಳವಾಗಿ ಸೋರಿ ಹೋಗುತ್ತಿದೆಯೆಂದು ತಿಳಿಯಿತು. ಮೂತ್ರಪಿಂಡದ ವೈದ್ಯರು ಎಲ್ಲವನ್ನೂ ವಿಚಾರಿಸಿ ಕೊನೆಗೆ, “ಮುಖಕ್ಕೆ ಏನು ಹಚ್ಚುತ್ತೀಯಮ್ಮ?” ಎಂದು ಕೇಳಿದರು. ಕಾಲಿನ ಊತಕ್ಕೂ ಮುಖದ ಲೇಪಕ್ಕೂ ಏನು ಸಂಬಂಧವೆಂದು ನನಗೆ ಆಶ್ಚರ್ಯವಾಯಿತು. ಹುಡುಗಿಯು ಚೀಲದಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದಳು. ಅದರ ಮೇಲೆ ಹಸುರೆಲೆಗಳ ಚಿತ್ರ. ಶುದ್ಧ, ನೈಸರ್ಗಿಕ, ಗಿಡಮೂಲಿಕೆ ಎಂಬ ಅರ್ಥದ ಇಂಗ್ಲಿಷ್ ಮಾತುಗಳು. ತಯಾರಿಸಿದವರ ಹೆಸರಿಲ್ಲ, ಊರಿಲ್ಲ. ಅವಳ ರಕ್ತಮೂತ್ರಗಳಲ್ಲಿ ಪಾದರಸವು ಇರಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿದ್ದಿತು.

ಇದಕ್ಕೆ ಎರಡು ತಿಂಗಳು ಮೊದಲು ಅವಳ ಉಂಗುರವೊಂದು ಬೆಳ್ಳಗೆ ಮಂಕಾಗಿತ್ತಂತೆ. ಅಕ್ಕಸಾಲಿಯು ಅದನ್ನು ನೋಡಿ, “ಅಮ್ಮ, ಇದಕ್ಕೆ ಪಾದರಸ ತಾಗಿದೆ” ಎಂದಿದ್ದನಂತೆ. ಆ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓದುಬರಹ ಬಲ್ಲ ನಾವು ಡಬ್ಬಿಯ ಮೇಲಿನ ಎಲೆಯನ್ನು ನಂಬಿದೆವು. ಲೋಹವನ್ನು ಬಲ್ಲ ಅಕ್ಕಸಾಲಿಯನ್ನು ನಂಬಲಿಲ್ಲ.

ಇದು ನಮ್ಮ ಮನೆಯೊಂದರ ದುರದೃಷ್ಟವೆಂದು ಭಾವಿಸಬೇಡಿರಿ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ‘ಮೆಂಬ್ರೇನಸ್ ನೆಫ್ರಾಪತಿ’ ಎಂಬ ಮೂತ್ರಪಿಂಡರೋಗದ 22 ಮಂದಿಯನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ 15 ಮಂದಿಯ ರೋಗವು ‘ನೆಲ್-1’ ಎಂಬ ವಿರಳವಾದ ಬಗೆಯದಾಗಿದ್ದಿತು. ಆ 15 ಮಂದಿಯಲ್ಲಿ 13 ಮಂದಿ ರೋಗಕ್ಕೆ ಮೊದಲು ಚರ್ಮವನ್ನು ಬೆಳ್ಳಗೆ ಮಾಡುವ ಲೇಪಗಳನ್ನು ಹಚ್ಚುತ್ತಿದ್ದವರು. ಲೇಪವನ್ನು ನಿಲ್ಲಿಸಿದ ಮೇಲೆ ಬಹುಮಂದಿಗೆ ಗುಣ ಕಂಡಿತು. ಕೇರಳದ ಔಷಧ ನಿಯಂತ್ರಣ ಇಲಾಖೆಯವರು 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಿಂದ ಅಂಗಡಿಗಳನ್ನು ಶೋಧಿಸಬೇಕಾಯಿತು.

ಪಾದರಸವು ಈ ಕೆಲಸಕ್ಕೆ ಏಕೆ ಬಂದಿತು? ನಮ್ಮ ಚರ್ಮದಲ್ಲಿ ‘ಮೆಲನಿನ್’ ಎಂಬ ವರ್ಣದ್ರವ್ಯವು ಹುಟ್ಟಬೇಕಾದರೆ ‘ಟೈರೊಸಿನೇಸ್’ ಎಂಬ ಕಿಣ್ವವು ಕೆಲಸ ಮಾಡಬೇಕು. ಪಾದರಸದ ಲವಣಗಳು ಆ ಕಿಣ್ವದ ಕೈಕಟ್ಟುವುವು. ಆದುದರಿಂದ ಕೆಲವು ವಾರಗಳಲ್ಲಿ ಮುಖವು ಬಿಳಿಚಿದಂತೆ ತೋರುವುದು. ಕೊಂಡವಳಿಗೆ ಸಂತೋಷವೂ ಆಗುವುದು. ಆದರೆ ಹಚ್ಚಿದುದು ಚರ್ಮದಲ್ಲಿಯೇ ನಿಲ್ಲುವುದಿಲ್ಲ. ಒಳಗೆ ಇಳಿದು ರಕ್ತದಲ್ಲಿ ಹರಿದು ಮೂತ್ರಪಿಂಡಗಳಲ್ಲಿ ಸಂಚಯವಾಗುವುದು. ಟವೆಲಿನಿಂದಲೂ ದಿಂಬಿನಿಂದಲೂ ಮನೆಯ ಇತರರಿಗೆ, ಮುಖ್ಯವಾಗಿ ಎಳೆಯ ಮಕ್ಕಳಿಗೆ ಸೋಂಕುವುದು. ನಮ್ಮ ಭಾಷೆಯಲ್ಲಿ ‘ಮುಲಾಮು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಗಾಯಕ್ಕೆ ಹಚ್ಚುವ ಲೇಪವೊಂದು, ಕೀಳುಲೋಹಕ್ಕೆ ಕೊಡುವ ಚಿನ್ನದ ನೀರು ಇನ್ನೊಂದು. ಹಿಂದೆ ಅಕ್ಕಸಾಲಿಗರು ಈ ಎರಡನೆಯ ಮುಲಾಮನ್ನು ಪಾದರಸದಿಂದಲೇ ಕೊಡುತ್ತಿದ್ದರು. ಮೊದಲನೆಯದರ ಹೆಸರಿನಲ್ಲಿ ಈಗ ನಮ್ಮ ಹೆಣ್ಣುಮಕ್ಕಳಿಗೆ ಮಾರುತ್ತಿರುವುದು ಎರಡನೆಯದನ್ನೇ.

ಇನ್ನು ಮಿತ್ರರ ಪಕ್ಷವನ್ನು ವಿಚಾರಿಸೋಣ. “ಅದು ಕಳ್ಳಸರಕು; ನಿಜವಾದ ನೈಸರ್ಗಿಕ ವಸ್ತುವಾಗಿದ್ದರೆ ಹೀಗಾಗುತ್ತಿರಲಿಲ್ಲ” ಎಂದು ಅವರು ಹೇಳಬಹುದು. ಪಾದರಸವು ಪ್ರಕೃತಿಯಲ್ಲದೆ ಮತ್ತೇನು? ಇಂಗಲಿಕವು ಗಣಿಯಲ್ಲಿಯೇ ಹುಟ್ಟುವುದು. ಸೀಸವೂ ಪಾಷಾಣವೂ ಭೂಮಿಯ ಗರ್ಭದಲ್ಲಿಯೇ ಇವೆ. ಕಣ್ಣಿಗೆ ತಂಪೆಂದು ಹಚ್ಚುವ ಸುರ್ಮಾದಲ್ಲಿ ಹಲವು ಬಗೆಯವು ಸೀಸದ ಅದಿರನ್ನು ಅರೆದು ಮಾಡಿದವು. ಮಕ್ಕಳ ರಕ್ತದಲ್ಲಿ ಸೀಸವು ಇಷ್ಟಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಮುಖದ ಪುಡಿಗೆ ಆಧಾರವಾದ ಟಾಲ್ಕು ನೆಲದಿಂದ ಅಗೆದ ಕಲ್ಲು. ಗಣಿಯಲ್ಲಿ ಅದರ ನೆರೆಯಲ್ಲಿಯೇ ಆಸ್ಬೆಸ್ಟಾಸೂ ಇರುವುದುಂಟು. 2024ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಟಾಲ್ಕನ್ನು ಮನುಷ್ಯರಲ್ಲಿ ಅರ್ಬುದಕ್ಕೆ ಬಹುಶಃ ಕಾರಣವಾಗುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಬೀಜವು ಅಪ್ಪಟ ಗಿಡಮೂಲಿಕೆಯೇ. ಅದರ ರಸವು ತಾಗಿದ ಚರ್ಮವು ಬೊಬ್ಬೆಯೇಳುವುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ನಿಂಬೆಯ ರಸವನ್ನು ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಗಳೇಳಬಹುದು. ಹೀಗಿರಲು ಪ್ರಕೃತಿಜನ್ಯತ್ವವು ನಿರಪಾಯತ್ವಕ್ಕೆ ಹೇತುವಾಗಲಾರದು. ತರ್ಕವನ್ನು ಓದಿದವರು ಇದನ್ನು ವ್ಯಭಿಚಾರಿಹೇತುವೆಂದು ಕರೆಯುವರು.

“ಕಾರ್ಖಾನೆಯದೆಲ್ಲ ವಿಷ” ಎಂಬ ಇನ್ನೊಂದು ಪ್ರತಿಜ್ಞೆಯೂ ನಿಲ್ಲುವುದಿಲ್ಲ. 1914ರ ಯೂರೋಪಿನ ಯುದ್ಧದಿಂದ ನಮ್ಮ ಗಂಧದ ಮರವು ಹೊರದೇಶಕ್ಕೆ ಹೋಗದೆ ರಾಶಿಬಿದ್ದಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯನ್ನು ಇಳಿಸಿದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂದಿತು. ಅದಕ್ಕಾಗಿ ದುಡಿದ ಎಸ್. ಜಿ. ಶಾಸ್ತ್ರಿಗಳು ರಸಾಯನಶಾಸ್ತ್ರಜ್ಞರು. ಸೋಪೆಂದರೇನು? ಎಣ್ಣೆಯನ್ನು ಕಾಸ್ಟಿಕ್ ಸೋಡದೊಡನೆ ಸೇರಿಸಿದಾಗ ಆಗುವ ವಸ್ತು. ಕಾಸ್ಟಿಕ್ ಸೋಡವು ಕೈಯನ್ನು ಸುಡುವುದು. ಲೆಕ್ಕವರಿತು ಬೆರೆಸಿದರೆ ಅದು ಸೋಪಿನಲ್ಲಿ ಪರಿಣಮಿಸಿ ಕೈಯನ್ನು ತೊಳೆಯುವುದು. ಇಲ್ಲಿ ಗಂಧವು ಪ್ರಕೃತಿ, ಸೋಡವು ಕಾರ್ಖಾನೆ. ಯಾವುದನ್ನು ಬಿಟ್ಟು ಸೋಪು ಮಾಡುವಿರಿ? ನೀರು ಸೇರಿದ ಲೇಪಕ್ಕೆ ಕೆಡದಂತೆ ರಕ್ಷಿಸುವ ದ್ರವ್ಯವೇ ಇಲ್ಲದಿದ್ದರೆ ಅದರಲ್ಲಿ ಬೂಷ್ಟು ಹಿಡಿಯುವುದು, ಕ್ರಿಮಿಗಳು ಬೆಳೆಯುವುವು. ಅಂತಹುದನ್ನು ಶುದ್ಧವೆಂದು ಕಣ್ಣಿನ ಸುತ್ತ ಹಚ್ಚಿಕೊಳ್ಳುವುದು ಜಾಣತನವಲ್ಲ. ಯುಕ್ತಿಯಿದ್ದರೆ ವಿಷವೂ ಔಷಧವಾಗುವುದು, ಯುಕ್ತಿಗೆಟ್ಟರೆ ಔಷಧವೂ ವಿಷವಾಗುವುದು ಎಂಬ ಅಭಿಪ್ರಾಯವು ಚರಕಸಂಹಿತೆಯಲ್ಲಿಯೇ ಇರುವಾಗ, ಪ್ರಾಚೀನರ ಹೆಸರಿನಲ್ಲಿ ಇದಕ್ಕೆ ವಿರುದ್ಧವಾದುದನ್ನು ಸಾಧಿಸುವುದು ಹೇಗೆ?

ಮತ್ತೊಂದು ಪಕ್ಷದವರಿಗೂ ಇಲ್ಲಿಯೇ ಎರಡು ಮಾತು ಹೇಳಬೇಕು. “ಔಷಧದ ಅಂಗಡಿಯಲ್ಲಿ ಕೊಂಡದ್ದು, ಅದರಲ್ಲಿ ಹಾನಿಯೇನು?” ಎನ್ನುವವರು ಇವರು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟೀರಾಯ್ಡುಗಳು ಚರ್ಮರೋಗಕ್ಕೆ ವೈದ್ಯರು ಮಿತಕಾಲಕ್ಕೆ ಕೊಡುವ ಔಷಧಗಳು. ಇವು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮುಖವು ಬೆಳ್ಳಗೆ ಕಾಣುವುದು. ಅದನ್ನು ಕಂಡು ನೆರೆಯವರು ನೆರೆಯವರಿಗೆ ಹೇಳಿ ತಿಂಗಳುಗಟ್ಟಲೆ ಹಚ್ಚುವರು. ಚರ್ಮವು ತೆಳುವಾಗಿ ಕೆಂಪುನರಗಳು ತೋರುವುವು. ಮೊಡವೆಗಳೂ ಕೂದಲೂ ಏಳುವುವು. ಬಿಟ್ಟರೆ ಉರಿ ಹತ್ತುವುದು. ಉರಿಗೆ ಹೆದರಿ ಮತ್ತೆ ಹಚ್ಚುವರು. ಸರ್ಕಾರವು 2018ರಲ್ಲಿ ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ವಿಧಿಯು ಕಾಗದದಲ್ಲಿದೆ, ಚೀಟಿಯನ್ನು ಕೇಳದೆ ಕೊಡುವ ಅಂಗಡಿಗಳು ಬೀದಿಯಲ್ಲಿವೆ.

ಮಂಗಳದ್ರವ್ಯಗಳ ವಿಷಯವನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಅರಿಸಿನಕ್ಕೆ ನಿಂಬೆಯ ರಸ, ಬಿಳಿಗಾರ, ಪಟಿಕಗಳನ್ನು ಸೇರಿಸಿ ಒಣಗಿಸಿ ಮಾಡಿದ ಕುಂಕುಮವನ್ನು ನಮ್ಮ ತಾಯಂದಿರು ಬಲ್ಲರು. ಈಗ ಪೊಟ್ಟಣದಲ್ಲಿ ಬರುವ ಕೆಂಪೆಲ್ಲವೂ ಅದಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿಯೂ ನಮ್ಮ ದೇಶದಲ್ಲಿಯೂ ಕೊಂಡ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಮಾದರಿಗಳಲ್ಲಿ ಗ್ರಾಮೊಂದಕ್ಕೆ ಕನಿಷ್ಠಪಕ್ಷ ಒಂದು ಮೈಕ್ರೊಗ್ರಾಮಿನಷ್ಟು ಸೀಸವಿದ್ದಿತು. ಅಂಟಿಸುವ ಬೊಟ್ಟುಗಳ ಅಂಟಿನಲ್ಲಿರುವ ಒಂದು ದ್ರವ್ಯದಿಂದ ಹಣೆಯಲ್ಲಿ ಅಳಿಯದ ಬಿಳಿಮಚ್ಚೆಯಾದವರನ್ನು ಚರ್ಮವೈದ್ಯರು ಬಲ್ಲರು. ಮದರಂಗಿಯ ಎಲೆಯು ಕೊಡುವ ಬಣ್ಣ ಕೆಂಗಂದು. ‘ಕಪ್ಪು ಮದರಂಗಿ’ ಎಂಬ ಎಲೆಯು ಯಾವ ಗಿಡದಲ್ಲಿಯೂ ಇಲ್ಲ. ಆ ಕಪ್ಪು ಬಹುಮಟ್ಟಿಗೆ ಕೂದಲ ಬಣ್ಣಕ್ಕೆ ಹಾಕುವ ‘ಪ್ಯಾರಾಫೆನಿಲೀನ್ ಡೈಅಮೀನ್’ ಎಂಬ ವಸ್ತುವಿನದು. ಮದುವೆಯ ಮನೆಯಲ್ಲಿ ಅಂಗೈಯಲ್ಲಿ ಬೊಬ್ಬೆಯೆದ್ದು ಅಳುವ ಹುಡುಗಿಯರನ್ನು ನಾನು ಕಂಡಿರುವೆನು. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲಿಯೇ ಮಾಡಿದ ಕಾಡಿಗೆಯಲ್ಲಿ ಸೀಸವಿರದು, ದಿಟ. ಆದರೂ ತೊಳೆಯದ ಬೆರಳಿನಿಂದ ಹಸುಗೂಸಿನ ಕಣ್ಣಿಗೆ ತೀಡಬಾರದೆಂದು ವೈದ್ಯರು ಹೇಳಿದರೆ, ಅದನ್ನು ಸಂಪ್ರದಾಯದ ನಿಂದೆಯೆಂದು ಎಣಿಸಬಾರದು.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಡಬ್ಬಿಯ ಮುಂಭಾಗದ ಕಾವ್ಯವನ್ನು ಬಿಟ್ಟು ಹಿಂಭಾಗದ ಗದ್ಯವನ್ನು ಓದಬೇಕು. ‘ನೈಸರ್ಗಿಕ’ ಎಂಬ ಶಬ್ದಕ್ಕೆ ಪ್ರಸಾಧನಗಳ ವಿಷಯದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನಿರ್ವಚನವನ್ನೇ ಕೊಟ್ಟಿಲ್ಲ. ನಿರ್ವಚನವಿಲ್ಲದ ಶಬ್ದವನ್ನು ಯಾರು ಬೇಕಾದರೂ ಏನನ್ನು ಬೇಕಾದರೂ ಹೊರಿಸಿ ಮಾರಬಹುದು. ಆದರೆ ಹಿಂಭಾಗದಲ್ಲಿ ನಮ್ಮ ದೇಶದ ಕಾನೂನು ಉಂಟು. 1940ರ ಔಷಧ ಮತ್ತು ಪ್ರಸಾಧನಗಳ ಕಾಯಿದೆಯ ಕೆಳಗೆ 2020ರಲ್ಲಿ ಬಂದ ನಿಯಮಗಳ ಪ್ರಕಾರ ಅಲ್ಲಿ ತಯಾರಿಸಿದವರ ಹೆಸರು ವಿಳಾಸಗಳೂ, ಲೈಸೆನ್ಸಿನ ನಂಬರೂ, ಬ್ಯಾಚ್ ನಂಬರೂ, ಎಂದಿನೊಳಗೆ ಬಳಸಬೇಕೆಂಬ ಅವಧಿಯೂ, ಒಳಗಿರುವ ದ್ರವ್ಯಗಳ ಪಟ್ಟಿಯೂ ಇರಬೇಕು. ಹೊರದೇಶದ ಸರಕಾದರೆ ತರಿಸಿದವರ ಹೆಸರೂ ನೋಂದಣಿಯ ನಂಬರೂ ಇರಬೇಕು. ಪಟ್ಟಿಯಲ್ಲಿ ಹೆಚ್ಚಾಗಿರುವ ದ್ರವ್ಯವು ಮೊದಲು ಬರುವುದು. ಗಂಧದ ಚಿತ್ರವು ಮುಂದೆ ದೊಡ್ಡದಾಗಿದ್ದು ಗಂಧವು ಪಟ್ಟಿಯ ತುದಿಯಲ್ಲಿ ನಿಂತಿದ್ದರೆ, ನೀವು ಬೆಲೆ ಕೊಟ್ಟುದು ಚಿತ್ರಕ್ಕೆಂದು ತಿಳಿಯಿರಿ. ವಿಳಾಸವಿಲ್ಲದ ಡಬ್ಬಿಯನ್ನು ಎಷ್ಟು ಅಗ್ಗವಾದರೂ, ಯಾರೇ ಶಿಫಾರಸು ಮಾಡಿದರೂ, ಮನೆಯೊಳಕ್ಕೆ ಬಿಟ್ಟುಕೊಳ್ಳಬೇಡಿರಿ.

ಕಣ್ಣಿನ ಪ್ರಸಾಧನಗಳನ್ನು ಬಿಟ್ಟು ಉಳಿದವುಗಳಲ್ಲಿ, ಅರಿಯದೆ ಸೇರಿದ ಪಾದರಸವು ದಶಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದೆಂದು ನಮ್ಮ ನಿಯಮ. ಪಾದರಸದ ಹಾವಳಿಯನ್ನು ತಡೆಯಲು 2013ರಲ್ಲಿ ಆದ ಮಿನಮಾಟ ಒಪ್ಪಂದವನ್ನು ಭಾರತವು 2018ರಲ್ಲಿ ಸ್ಥಿರೀಕರಿಸಿತು. 2023ರ ಸಮಾವೇಶದಲ್ಲಿ ಆ ಒಪ್ಪಂದದೊಳಗಣ ಒಂದು ಭಾಗದ ರಿಯಾಯಿತಿಯನ್ನೂ ತೆಗೆದು, ಪಾದರಸ ಬೆರೆಸಿದ ಪ್ರಸಾಧನಗಳನ್ನು 2025ರೊಳಗೆ ಪೂರ್ಣವಾಗಿ ನಿಲ್ಲಿಸಬೇಕೆಂದು ನಿರ್ಣಯಿಸಿದರು. ಪಟ್ಟಿಯಲ್ಲಿ ‘ಕ್ಯಾಲೊಮೆಲ್’, ‘ಮರ್ಕ್ಯುರಸ್’, ‘ಮರ್ಕ್ಯುರಿಕ್’ ಎಂಬ ಹೆಸರುಗಳು ಕಂಡರೆ ಅವೆಲ್ಲ ಪಾದರಸದ ವೇಷಗಳು. ಬೆಳ್ಳಿಬಂಗಾರದ ಒಡವೆಗಳಿಗೆ ತಾಗಿಸಬಾರದೆಂಬ ಎಚ್ಚರಿಕೆಯಿದ್ದರೆ ಇನ್ನೂ ಹೆದರಬೇಕು: ಒಡವೆಗೆ ಸಲ್ಲದುದು ಮೊಗಕ್ಕೆ ಸಲ್ಲುವುದೇ? ಯಾವ ಹೊಸ ವಸ್ತುವನ್ನಾದರೂ, ಮನೆಯಲ್ಲಿ ಅರೆದುದನ್ನಾದರೂ ಕೂಡ, ಮೊದಲು ಮೊಳಕೈಯ ಒಳಮಗ್ಗುಲಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡುವುದು ಉತ್ತಮ. ದಿನನಿತ್ಯಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಕಾಯಿ, ಕೊಬ್ಬರಿಯೆಣ್ಣೆ, ಒಳ್ಳೆಯದೊಂದು ಸೋಪು ಇವು ಸಾಕಾದವರು ಭಾಗ್ಯವಂತರು. ನಾನು ಅವನ್ನು ಹೊಗಳುವುದು ಅವು ಹಳೆಯವೆಂದಲ್ಲ. ಅವುಗಳಲ್ಲಿ ಏನಿದೆಯೆಂದು ನಮಗೆ ತಿಳಿದಿರುವುದರಿಂದ.

ಇಷ್ಟನ್ನು ಹೇಳಿ ಮುಗಿಸಿದ್ದರೆ ನನ್ನ ಲೇಖನವು ಅಂಗಡಿಯವರ ಮೇಲಿನ ದೂರಾಗಿ ಮಾತ್ರ ನಿಲ್ಲುತ್ತಿದ್ದಿತು. ಆದರೆ ವಿಷವನ್ನು ಮಾರಿದವನು ಒಬ್ಬನಾದರೆ, ಕೊಳ್ಳುವಂತೆ ಮಾಡಿದವರು ಬೇರೆ. ಗುಣವಾಗುತ್ತಿದ್ದ ಕಾಲದಲ್ಲಿ ಒಂದು ಸಂಜೆ ಹುಡುಗಿಯನ್ನು, “ಇದನ್ನು ಏಕೆ ಹಚ್ಚಿದೆಯಮ್ಮ?” ಎಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಶಿವಮಾವನಿಗೆ ಹೆಣ್ಣು ನೋಡುವಾಗ ನೀವು ಬರೆಸಿದ ಕಾಗದ ನೆನಪಿಲ್ಲವೇ? ಅದನ್ನು ಬರೆದವಳು ನಾನೇ” ಎಂದಳು. ನೆನಪಾಯಿತು. ಎರಡು ವರ್ಷಗಳ ಹಿಂದೆ, ನನ್ನ ಕಣ್ಣು ಮಂಜಾಗಿದ್ದುದರಿಂದ, ನಾನು ಹೇಳುತ್ತ ಅವಳು ಬರೆದುಕೊಳ್ಳುತ್ತಿದ್ದ ಕಾಗದವದು. ಹುಡುಗಿಯು ವಿದ್ಯಾವತಿಯಾಗಿರಬೇಕು, ಸುಗುಣಿಯಾಗಿರಬೇಕು, ಬಣ್ಣವು ಬೆಳ್ಳಗಿರಬೇಕು ಎಂದು ಬರೆಸಿದ್ದೆನು. ಎಣ್ಣೆಗೆಂಪಿನ ಈ ಹುಡುಗಿಯು ಅದನ್ನು ತನ್ನ ಕೈಯಿಂದಲೇ ದುಂಡಗೆ ಬರೆದಿದ್ದಳು. ಮಿತ್ರರಿಗೆ ಉತ್ತರ ಬರೆಯುವ ಧೈರ್ಯವು ನನಗೆ ಬಂದುದು ಈ ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕೆಂದು ನಿಶ್ಚಯಿಸಿದ ಮೇಲೆಯೇ.

1975ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವು 2020ರಲ್ಲಿ ಹೆಸರನ್ನು ಬದಲಾಯಿಸಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಅದರಲ್ಲಿ ಪಾದರಸವಿದೆಯೆಂದು ನಾನು ಹೇಳುತ್ತಿಲ್ಲ. ಅದನ್ನು ಇಲ್ಲಿ ಹೆಸರಿಸಿದುದು ಬೇರೆ ಕಾರಣಕ್ಕಾಗಿ. ಡಬ್ಬಿಗಳೂ ತಮ್ಮ ಹೆಸರಿನಿಂದ ಬಿಳುಪನ್ನು ತೆಗೆದುಹಾಕಿದ ಈ ಕಾಲದಲ್ಲಿ, ನಮ್ಮ ವಧೂವರರ ಜಾಹೀರಾತುಗಳಿಂದ ಅದು ಹೋಗಿಲ್ಲ. ಹೆಣ್ಣು ನೋಡಲು ಹೋದ ಹಿರಿಯರು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ಬಣ್ಣವನ್ನು ಅಳೆದು ಮುಗಿಸುವರು. ಕೂಸು ಹುಟ್ಟಿದ ಮನೆಯಲ್ಲಿ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಾದರೆ ಎರಡನೆಯದು ಕಪ್ಪೋ ಬಿಳುಪೋ ಎಂಬುದು.

ಮಿತ್ರರು ಪೂರ್ವಿಕರನ್ನು ಸಾಕ್ಷಿಗೆ ಕರೆದಿರುವರಾದುದರಿಂದ ನಾನೂ ಕರೆಯುವೆನು. ಚರಕಸಂಹಿತೆಯಲ್ಲಿ ‘ವರ್ಣ್ಯ’ವೆಂಬ ಹತ್ತು ದ್ರವ್ಯಗಳ ಗಣವುಂಟು, ಚಂದನ, ಲಾಮಂಚ, ಮಂಜಿಷ್ಠ, ಯಷ್ಟಿಮಧು ಮೊದಲಾದವು ಅದರಲ್ಲಿವೆ. ಈ ಹೆಸರನ್ನೇ ಹಿಡಿದು ಬಿಳುಪಿನ ಲೇಪಗಳನ್ನು ಮಾರುವವರುಂಟು. ಆದರೆ ಅದೇ ಗ್ರಂಥದ ಇಂದ್ರಿಯಸ್ಥಾನವನ್ನು ಅವರು ತೆರೆದು ನೋಡಿದಂತಿಲ್ಲ. ಅಲ್ಲಿ ಶರೀರದ ಪ್ರಕೃತಿವರ್ಣಗಳನ್ನು ನಾಲ್ಕಾಗಿ ಎಣಿಸಿದೆ: ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ. ಕಪ್ಪೇ ಆ ಪಟ್ಟಿಯ ಮೊದಲನೆಯದು. ಅನಂತರ ವಿಕೃತಿವರ್ಣಗಳನ್ನು, ಎಂದರೆ ಮೈಯಲ್ಲಿ ಹೊಸದಾಗಿ ತೋರಿದರೆ ಕೇಡನ್ನು ಸೂಚಿಸುವ ಬಣ್ಣಗಳನ್ನು ಹೇಳುವಾಗ ನೀಲ, ತಾಮ್ರ, ಹರಿತಗಳೊಡನೆ ಶುಕ್ಲವೂ ಬಂದಿದೆ. ಹಾಗಿರಲು, ಹುಟ್ಟಿನಿಂದ ಶ್ಯಾಮಳಾದವಳು ಲೇಪದಿಂದ ಬಿಳಿಚಿಕೊಂಡರೆ ಆಚಾರ್ಯನ ದೃಷ್ಟಿಯಲ್ಲಿ ಅದು ಸೌಂದರ್ಯವಲ್ಲ, ರೋಗಲಕ್ಷಣವು. ಕೋಟ್ಟಕ್ಕಲ್ಲಿನ ವೈದ್ಯರೂ ಕೊನೆಗೆ ಕಂಡುದು ಅದನ್ನೇ.

ಆದುದರಿಂದ ‘ನೈಸರ್ಗಿಕ’ವಾದ ಬಿಳುಪಿನ ಲೇಪವೆಂಬ ಮಾತು ವದತೋವ್ಯಾಘಾತವು. ನಿಸರ್ಗವು ಕೊಟ್ಟ ಬಣ್ಣವನ್ನು ಕೆಡಿಸುವುದಕ್ಕಾಗಿಯೇ ಹುಟ್ಟಿದ ವಸ್ತುವು ಎಲೆಯಿಂದಾಗಲಿ ಲೋಹದಿಂದಾಗಲಿ ಹುಟ್ಟಿರಲಿ, ಅದಕ್ಕೆ ಆ ವಿಶೇಷಣವು ಸಲ್ಲುವುದಿಲ್ಲ. ಮಿತ್ರರು ಬರುವ ಸಭೆಯಲ್ಲಿ ಇದಕ್ಕೆ ಪ್ರತ್ಯುತ್ತರವನ್ನು ಕೊಡಬಹುದು. ನಾನು ಆದರದಿಂದ ಕೇಳುವೆನು. ಅದಕ್ಕೆ ಮೊದಲು ಅವರೂ, ಈ ಪತ್ರಿಕೆಯನ್ನು ಓದುವ ಪ್ರತಿಯೊಬ್ಬ ಗೃಹಸ್ಥರೂ ಗೃಹಿಣಿಯರೂ, ತಮ್ಮ ಮನೆಯ ಕನ್ನಡಿಯ ಮುಂದಿರುವ ಡಬ್ಬಿಗಳನ್ನು ಒಮ್ಮೆ ತಿರುಗಿಸಿ ಓದಬೇಕೆಂದು ಪ್ರಾರ್ಥಿಸುತ್ತೇನೆ. ಓದಿ ಬಿಸುಡಬೇಕಾದುದನ್ನು ಬಿಸುಟ ಮೇಲೆ, ಮನೆಯ ಹೆಣ್ಣುಮಕ್ಕಳೊಡನೆ ಅವರ ಬಣ್ಣವನ್ನು ಕುರಿತು ತಾವು ಆಡಿದ ಮಾತುಗಳನ್ನೂ ಒಮ್ಮೆ ನೆನೆಯಬೇಕು. ನಮ್ಮ ಹುಡುಗಿಯ ಪಾದಗಳ ಊತವು ಈಗ ಇಳಿದಿದೆ. ಮೂತ್ರದ ಪರೀಕ್ಷೆಗೆ ಇನ್ನೂ ತಿಂಗಳಿಗೊಮ್ಮೆ ಹೋಗಬೇಕು. ಮುಖದ ಬಣ್ಣವು ಮೊದಲಿನ ಎಣ್ಣೆಗೆಂಪಿಗೆ ಮರಳಿದೆ. ಮೊನ್ನೆ ಯುಗಾದಿಯ ಅಭ್ಯಂಜನವಾದ ಮೇಲೆ ಅವಳು ನಮಸ್ಕಾರಕ್ಕೆ ಬಂದಾಗ, “ಚೆನ್ನಾಗಿ ಕಾಣುತ್ತೀಯಮ್ಮ” ಎಂದೆನು. ಈ ಮಾತನ್ನು ನಾನು ಹತ್ತು ವರ್ಷ ಮೊದಲೇ ಹೇಳಬೇಕಾಗಿದ್ದಿತು.